ಜಪಾನೀ ಪದಗಳೂ ಮರೆವಿನ ಗಣಿತವೂ

ಕನ್ನಡವನ್ನು ಮನೆಮಾತಾಗಿ ಪಡೆದವರು ಜಪಾನೀ ಭಾಷೆಯ ವ್ಯಾಸಂಗವನ್ನು ಕೈಗೊಂಡಾಗ, ಮೊದಲ ಕೆಲವು ವಾರಗಳಲ್ಲಿ ಅವರಿಗೆ ಒದಗುವ ಅನುಭವವು ಬಹುಮಟ್ಟಿಗೆ ಸಂತೋಷಕರವಾದುದೇ ಆಗಿರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದವನ್ನು ವಾಕ್ಯದ ನಡುವೆ ತಂದು ನಿಲ್ಲಿಸುವುದಕ್ಕೆ ಬಾಲ್ಯದಲ್ಲಿ ಪಟ್ಟ ಪ್ರಯಾಸವು ಇಲ್ಲಿ ಬೇಕಾಗುವುದಿಲ್ಲ. ಕರ್ತೃ ಮೊದಲು, ಕರ್ಮ ಅನಂತರ, ಕ್ರಿಯೆ ಕಡೆಯಲ್ಲಿ ಎಂಬ ನಮ್ಮ ಕ್ರಮವೇ ಅಲ್ಲಿಯೂ ಸಲ್ಲುತ್ತದೆ. ನಮ್ಮ ವಿಭಕ್ತಿ ಪ್ರತ್ಯಯಗಳಂತೆ ಅಲ್ಲಿಯೂ ಸಂಬಂಧಸೂಚಕವಾದ ಅಕ್ಷರಗಳು ನಾಮಪದದ ಕೊನೆಗೆ ಬಂದು ಸೇರುತ್ತವೆ. 'ಹೊನ್ ಓ ಯೊಮಿಮಾಸು' ಎಂಬುದನ್ನು 'ಪುಸ್ತಕವನ್ನು ಓದುತ್ತೇನೆ' ಎಂದು ಪದಕ್ಕೆ ಪದವನ್ನಿಟ್ಟು ಹೇಳಿದರೂ ಕನ್ನಡವು ಕೆಡುವುದಿಲ್ಲ. ಪ್ರಶ್ನೆ ಕೇಳಬೇಕಾದರೆ ವಾಕ್ಯದ ತುದಿಗೆ 'ಕಾ' ಎಂಬ ಒಂದಕ್ಷರವನ್ನು ಹಚ್ಚಿದರೆ ಸಾಕು. ಹಿರಿಯರೊಡನೆ ಆಡುವ ಮಾತಿಗೂ ಓರಗೆಯವರೊಡನೆ ಆಡುವ ಮಾತಿಗೂ ಭೇದವಿರಬೇಕೆಂಬುದೂ ನಮಗೆ ಹೊಸ ವಿಚಾರವಲ್ಲ. ಬೆಂಗಳೂರಿನಲ್ಲಿ ಜಪಾನೀ ಪಾಠಕ್ಕೆ ಸೇರಿದ ತರುಣ ತರುಣಿಯರು ಮೊದಲ ಹಂತವನ್ನು ಉತ್ಸಾಹದಿಂದ ದಾಟುವುದಕ್ಕೆ ಈ ವ್ಯಾಕರಣಸಾಮ್ಯವು ಒಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಕಷ್ಟವು ಆರಂಭವಾಗುವುದು ಪದಗಳಲ್ಲಿ. ಮರಾಠಿಯನ್ನೋ ಹಿಂದಿಯನ್ನೋ ಕಲಿಯುವ ಕನ್ನಡಿಗನಿಗೆ ಸಂಸ್ಕೃತದ ಮೂಲಕ ಸಾವಿರಾರು ಪದಗಳು ಮೊದಲೇ ಪರಿಚಿತವಾಗಿರುತ್ತವೆ. ಫ್ರೆಂಚನ್ನು ಕಲಿಯುವವನಿಗೆ ಇಂಗ್ಲಿಷು ಊರುಗೋಲಾಗುತ್ತದೆ. ಜಪಾನೀ ಭಾಷೆಯಲ್ಲಿ ಬೌದ್ಧಧರ್ಮದ ಜೊತೆಯಲ್ಲಿ ಚೀನದ ದಾರಿಯಾಗಿ ಹೋಗಿ ರೂಪಾಂತರಗೊಂಡ ಕೆಲವು ಸಂಸ್ಕೃತ ಶಬ್ದಗಳಿವೆ, ಇಂಗ್ಲಿಷಿನಿಂದ ಎರವಲು ಪಡೆದ ನವೀನ ಶಬ್ದಗಳೂ ಧಾರಾಳವಾಗಿವೆ. ಆದರೆ ನಿತ್ಯದ ವ್ಯವಹಾರದ ತಿರುಳಾದ ಪದಗಳನ್ನು ಹಿಡಿದುಕೊಳ್ಳುವುದಕ್ಕೆ ನಮ್ಮ ಮನಸ್ಸಿನಲ್ಲಿ ಯಾವ ಹಿಡಿಯೂ ಸಿದ್ಧವಾಗಿರುವುದಿಲ್ಲ. ಆ ಪದಗಳ ಸಂಖ್ಯೆಯಾದರೂ ಅಲ್ಪವಲ್ಲ. ವಿದೇಶೀಯರಿಗಾಗಿ 1984ರಲ್ಲಿ ಆರಂಭವಾದ ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಯ ಹಳೆಯ ಕ್ರಮದಲ್ಲಿ ಅತ್ಯಂತ ಕೆಳಗಿನ ಮಟ್ಟಕ್ಕೆ ಸುಮಾರು 800 ಪದಗಳೂ, ಅತ್ಯುನ್ನತ ಮಟ್ಟಕ್ಕೆ ಸುಮಾರು 10,000 ಪದಗಳೂ ಬೇಕೆಂದು ನಿಗದಿಯಾಗಿತ್ತು. ಲಿಪಿಯ ಭಾರವು ಇದಕ್ಕೆ ಪ್ರತ್ಯೇಕ: ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲಾಕ್ಷರಗಳು, ಅವುಗಳ ಮೇಲೆ ಚೀನದಿಂದ ಬಂದ ಕಾಂಜಿ ಎಂಬ ಚಿಹ್ನೆಗಳು, ಜಪಾನಿನ ಸರ್ಕಾರವು ಸಾಮಾನ್ಯ ಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ, 2,136.

ಸಂಖ್ಯೆಗಿಂತಲೂ ಹೆಚ್ಚಾಗಿ ಬಳಲಿಸುವುದು ಪದಗಳ ಪರಸ್ಪರ ಹೋಲಿಕೆ. ಜಪಾನೀ ಭಾಷೆಯ ಧ್ವನಿಸಂಪತ್ತು ಮಿತವಾದುದು. ಆದುದರಿಂದ ಒಂದೇ ಉಚ್ಚಾರಣೆಯು ಅನೇಕ ಅರ್ಥಗಳನ್ನು ಹೊರಬೇಕಾಗುತ್ತದೆ. 'ಕಮಿ' ಎಂದರೆ ದೇವತೆಯೂ ಹೌದು, ಕಾಗದವೂ ಹೌದು, ತಲೆಗೂದಲೂ ಹೌದು. 'ಹಶಿ' ಎಂಬುದನ್ನು ತೋಕ್ಯೋ ನಗರದಲ್ಲಿ ಮೊದಲಕ್ಷರವನ್ನು ಏರಿಸಿ ನುಡಿದರೆ ಊಟದ ಕಡ್ಡಿ, ಎರಡನೆಯದನ್ನು ಏರಿಸಿದರೆ ಸೇತುವೆ. ಇನ್ನೊಂದೆಡೆ, ಒಂದೇ ಚಿಹ್ನೆಯು ನೆರೆಯ ಚಿಹ್ನೆಯನ್ನನುಸರಿಸಿ ನಾನಾ ವಿಧವಾಗಿ ಉಚ್ಚರಿತವಾಗುತ್ತದೆ. ಜೀವವನ್ನು ಸೂಚಿಸುವ ಕಾಂಜಿಯು 'ಗಕುಸೇ' ಎಂಬ ವಿದ್ಯಾರ್ಥಿವಾಚಕದಲ್ಲಿ 'ಸೇ' ಎಂದೂ, ಇಡೀ ಬಾಳನ್ನು ಹೇಳುವ 'ಇಶ್ಶೋ' ಎಂಬಲ್ಲಿ 'ಶೋ' ಎಂದೂ, 'ಇಕಿರು' ಎಂದರೆ ಬದುಕು ಎಂಬಲ್ಲಿ ಬರಿಯ 'ಇ' ಎಂದೂ, 'ಉಮರೆರು' ಎಂದರೆ ಹುಟ್ಟು ಎಂಬಲ್ಲಿ 'ಉ' ಎಂದೂ, ಹಸಿಯಾದ ಆಹಾರವನ್ನು ಹೇಳುವಾಗ 'ನಮ' ಎಂದೂ ಓದಲ್ಪಡುತ್ತದೆ. ಹೀಗಿರುವಾಗ ಪದವನ್ನು ಒಮ್ಮೆ ಅರ್ಥಮಾಡಿಕೊಂಡೆನೆಂಬುದು ಅದನ್ನು ಕಲಿತೆನೆಂಬುದಕ್ಕೆ ಸಮನಾಗುವುದಿಲ್ಲ.

ಜಪಾನಿನ ಮಕ್ಕಳಾದರೂ ಇದನ್ನೆಲ್ಲ ಹೇಗೆ ಕಲಿಯುತ್ತಾರೆ? ಅಲ್ಲಿಯ ಪ್ರಾಥಮಿಕ ಶಾಲೆಯ ಮೊದಲ ವರ್ಷದಲ್ಲಿ ಕಲಿಸುವ ಕಾಂಜಿಗಳು 80 ಮಾತ್ರ. ಆರು ವರ್ಷಗಳ ಕೊನೆಗೆ ಒಟ್ಟು 1,026. ಆ ಮಗುವು ತರಗತಿಯಲ್ಲಿ ಬೆಳಿಗ್ಗೆ ಬರೆದ ಚಿಹ್ನೆಯನ್ನು ಸಂಜೆ ಅಂಗಡಿಯ ಹಲಗೆಯ ಮೇಲೆ ಕಾಣುತ್ತದೆ, ಎರಡು ದಿನ ಬಿಟ್ಟು ರೈಲ್ವೆ ನಿಲ್ದಾಣದಲ್ಲಿ ಕಾಣುತ್ತದೆ, ಮುಂದಿನ ವಾರ ಕಥೆಯ ಪುಸ್ತಕದಲ್ಲಿ ಕಾಣುತ್ತದೆ. ಸುತ್ತಲಿನ ಲೋಕವೇ ಅದಕ್ಕೆ ತಕ್ಕ ತಕ್ಕ ಅಂತರಗಳಲ್ಲಿ ಪಾಠವನ್ನು ಒಪ್ಪಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕುಳಿತು ಕಲಿಯುವವನಿಗೆ ಈ ಅನುಕೂಲವಿಲ್ಲ. ಪಾಠದಲ್ಲಿ ಬಂದ ಪದವು ಮತ್ತೆ ಕಣ್ಣಿಗೆ ಬೀಳುವುದು ಎಂದೋ. ಅದು ಬೀಳುವಷ್ಟರಲ್ಲಿ ಮನಸ್ಸು ಅದನ್ನು ಬಿಟ್ಟುಕೊಟ್ಟಿರುತ್ತದೆ. ಒಂದು ಬದಿಗೆ ಪದವನ್ನೂ ಇನ್ನೊಂದು ಬದಿಗೆ ಅರ್ಥವನ್ನೂ ಬರೆದ ಕಾರ್ಡುಗಳನ್ನು ಅಂತರವಿಟ್ಟು ತಿರುವಿಹಾಕುವ ಪದ್ಧತಿಯನ್ನು, ಒಂದು ದೇಶವು ತನ್ನ ಮಕ್ಕಳಿಗೆ ಅಪ್ರಯತ್ನವಾಗಿ ಒದಗಿಸುವ ಆ ಮರುಭೇಟಿಗಳನ್ನು ಹೊರಗಿನವನಿಗೆ ಲೆಕ್ಕಾಚಾರದಿಂದ ಒದಗಿಸಿಕೊಡುವ ಉಪಾಯವೆಂದು ತಿಳಿದುಕೊಂಡರೆ, ಅದರ ಗುಣವೂ ಮಿತಿಯೂ ಏಕಕಾಲದಲ್ಲಿ ಸ್ಪಷ್ಟವಾಗುತ್ತವೆ. ಈ ಅಧ್ಯಾಯದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಲೆಕ್ಕಾಚಾರದ ಮೂಲವು ಜರ್ಮನಿಯಲ್ಲಿದೆ. ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು, ಸ್ಮರಣೆಯಂಥ ಸೂಕ್ಷ್ಮವಸ್ತುವನ್ನು ಅಳೆಯುವುದು ಸಾಧ್ಯವೇ ಎಂದು ಪಂಡಿತರು ಸಂದೇಹಪಡುತ್ತಿದ್ದ ಕಾಲದಲ್ಲಿ, ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ 1885ರಲ್ಲಿ ಸ್ಮರಣೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅರ್ಥವುಳ್ಳ ಪದಗಳು ಹಳೆಯ ಪರಿಚಯದ ಬಲದಿಂದ ಬೇಗನೆ ನಾಟಿಕೊಂಡು ಅಳತೆಯನ್ನು ಕೆಡಿಸುವುವೆಂದು ಯೋಚಿಸಿ, ವ್ಯಂಜನ, ಸ್ವರ, ವ್ಯಂಜನ ಎಂಬ ಕ್ರಮದ ಸುಮಾರು 2,300 ಅರ್ಥಶೂನ್ಯ ಶಬ್ದಗಳನ್ನು ಕಲ್ಪಿಸಿಕೊಂಡು, ಅವುಗಳ ಮಾಲೆಗಳನ್ನು ಗಡಿಯಾರದ ಟಿಕ್‌ಟಿಕ್ ಶಬ್ದದ ಗತಿಗೆ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೂ ಕಂಠಪಾಠ ಮಾಡಿದನು. ಒಂದು ನಿಶ್ಚಿತ ಅವಧಿಯ ತರುವಾಯ ಅದೇ ಮಾಲೆಯನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಕಾಲ ಉಳಿತಾಯವಾಯಿತೆಂಬುದನ್ನು ಗುರುತಿಸಿಕೊಂಡನು. ಇಪ್ಪತ್ತು ನಿಮಿಷಗಳ ಅನಂತರ ಉಳಿತಾಯವು ಶೇಕಡ 58ರಷ್ಟಿತ್ತು. ಒಂದು ಗಂಟೆಗೆ 44ಕ್ಕೆ ಇಳಿಯಿತು. ಒಂದು ದಿನಕ್ಕೆ 34. ಆರು ದಿನಗಳಿಗೆ 25. ಮೂವತ್ತೊಂದು ದಿನಗಳಾದ ಮೇಲೂ 21. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಇದೇ ಪ್ರಯೋಗವನ್ನು ಪುನಃ ನಡೆಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶವೂ ಬಹುಮಟ್ಟಿಗೆ ಇದೇ ಆಕಾರದ್ದಾಗಿದೆ.

ಈ ಅಂಕಿಗಳನ್ನು ಅನೇಕರು ತಪ್ಪಾಗಿ ಓದುತ್ತಾರಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯಕ. ತಿಂಗಳ ಕೊನೆಗೆ ನೂರರಲ್ಲಿ ಇಪ್ಪತ್ತೊಂದು ಶಬ್ದಗಳು ನೆನಪಿದ್ದುವೆಂದು ಇದರ ಅರ್ಥವಲ್ಲ. ಒಂದು ಮಾಲೆಯೂ ಬಾಯಿಗೆ ಬಾರದೆ ಇದ್ದಿರಬಹುದು. ಆದರೂ ಮತ್ತೆ ಕಲಿಯುವಾಗ ಶ್ರಮದಲ್ಲಿ ಐದನೆಯ ಒಂದು ಪಾಲು ತಪ್ಪಿತು. ಪೂರ್ಣವಾಗಿ ಅಳಿದುಹೋಯಿತೆಂದು ನಾವು ಭಾವಿಸುವ ಪಾಠವೂ ಒಳಗೆ ಎಲ್ಲಿಯೋ ತನ್ನ ಶೇಷವನ್ನು ಉಳಿಸಿಕೊಂಡಿರುತ್ತದೆ; ನಷ್ಟವಾಗುವುದು ಅದನ್ನು ಹೊರಗೆ ತರುವ ಶಕ್ತಿ. ಹತ್ತು ವರ್ಷಗಳ ಹಿಂದೆ ಜಪಾನಿಯನ್ನು ಓದಿ ಕೈಬಿಟ್ಟವರು ಹೊಸಬರಿಗಿಂತ ಬೇಗನೆ ಮುಂದೆ ಹೋಗುವುದನ್ನು ಕಂಡವರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುತ್ತದೆ.

ಮರೆವಿನ ಇಳಿಜಾರಿಗಿಂತಲೂ ಮಹತ್ತ್ವದ ಇನ್ನೊಂದು ಫಲಿತಾಂಶವು ಅದೇ ಗ್ರಂಥದಲ್ಲಿದೆ. ಹನ್ನೆರಡು ಶಬ್ದಗಳ ಮಾಲೆಯೊಂದನ್ನು ಹಿಂದಿನ ಒಂದೇ ದಿನ 68 ಬಾರಿ ಓದಿಟ್ಟುಕೊಂಡರೆ ಮರುದಿನದ ಕಲಿಕೆಯಲ್ಲಿ ಎಷ್ಟು ಪ್ರಯೋಜನವಾಗುತ್ತಿತ್ತೋ, ಮೂರು ದಿನಗಳಿಗೆ ಹಂಚಿ ಓದಿದಾಗ 38 ಬಾರಿಯ ಓದಿನಿಂದಲೇ ಅಷ್ಟು ಪ್ರಯೋಜನವಾಯಿತು. ಶ್ರಮವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಇಳಿಸಿದ್ದು ನಡುವೆ ಬಿಟ್ಟ ಕಾಲವಲ್ಲದೆ ಬೇರೇನೂ ಅಲ್ಲ. 1897ರಲ್ಲಿ ಅಡಾಲ್ಫ್ ಯೋಸ್ಟ್ ಎಂಬವನು ಇದಕ್ಕೆ ಒಂದು ನಿಯಮದ ರೂಪವನ್ನು ಕೊಟ್ಟನು: ಸಮಾನ ಬಲದ ಎರಡು ನೆನಪುಗಳಲ್ಲಿ ಒಂದು ಹಳೆಯದು, ಮತ್ತೊಂದು ಹೊಸದು ಆಗಿದ್ದರೆ, ಇನ್ನೊಂದು ಪುನರಾವೃತ್ತಿಯಿಂದ ಹಳೆಯದಕ್ಕೇ ಹೆಚ್ಚು ಲಾಭ.

ಹೀಗೇಕಾಗಬೇಕು? ಅಮೆರಿಕದ ಎರಿಕ್ ಕ್ಯಾಂಡೆಲ್ ಮತ್ತು ಅವರ ಸಂಗಡಿಗರು ಕಡಲ ಬಸವನಹುಳುವಿನ ಮೇಲೆ ನಡೆಸಿದ ಪ್ರಯೋಗಗಳು ಈ ಪ್ರಶ್ನೆಯನ್ನು ನರಕೋಶದ ಮಟ್ಟಕ್ಕೆ ಕೊಂಡೊಯ್ದುವು. ಮೃದುವಾಗಿ ಮುಟ್ಟಿದರೆ ಆ ಪ್ರಾಣಿಯು ತನ್ನ ಕಿವಿರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ ಅಪಾಯವಿಲ್ಲವೆಂದು ಕಲಿತು ಸುಮ್ಮನಾಗುತ್ತದೆ. ದಿನಕ್ಕೆ ಹತ್ತು ಬಾರಿಯಂತೆ ನಾಲ್ಕು ದಿನ ಮುಟ್ಟಿದಾಗ ಈ ಪಾಠವು ವಾರಗಟ್ಟಲೆ ಉಳಿದುದನ್ನು 1972ರಲ್ಲಿ ಅವರು ವರದಿ ಮಾಡಿದರು. ಒಟ್ಟಿಗೆ ತುರುಕಿದ ಪಾಠವು ಅಷ್ಟು ಸ್ಥಿರವಾಗಿರಲಿಲ್ಲ. ಹಣ್ಣಿನ ನೊಣಗಳ ಮೇಲೆ 1994ರಲ್ಲಿ ಪ್ರಕಟವಾದ ಪ್ರಯೋಗವು ಇನ್ನೂ ನಿಖರವಾದುದು: ಒಂದು ವಾಸನೆಯನ್ನು ದೂರವಿಡಬೇಕೆಂದು ಹತ್ತು ಪಾಠಗಳಲ್ಲಿ ಕಲಿಸಿದಾಗ, ಪಾಠಗಳ ನಡುವೆ ಕಾಲು ಗಂಟೆಯ ವಿಶ್ರಾಂತಿಯಿದ್ದರೆ ಮಾತ್ರ ಹೊಸ ಪ್ರೋಟೀನುಗಳ ರಚನೆಯನ್ನು ಅವಲಂಬಿಸಿದ ದೀರ್ಘಕಾಲಿಕ ಸ್ಮೃತಿಯು ಉಂಟಾಗುತ್ತಿತ್ತು, ಬಿಡುವಿಲ್ಲದೆ ಕಲಿಸಿದರೆ ಆಗುತ್ತಿರಲಿಲ್ಲ. ಅಂತೂ ನರಕೋಶಗಳ ಬೆಸುಗೆಯನ್ನು ಬಲಪಡಿಸುವ ರಾಸಾಯನಿಕ ಕಾರ್ಯವು ತನ್ನದೇ ಆದ ಕಾಲವನ್ನು ತೆಗೆದುಕೊಳ್ಳುತ್ತದೆ. ಹಿಂದಿನದು ಮುಗಿಯುವ ಮುನ್ನ ಮತ್ತೆ ಮತ್ತೆ ಆಜ್ಞಾಪಿಸಿದುದರಿಂದ ಅದು ತ್ವರಿತವಾಗುವುದಿಲ್ಲ. ನೊಣಕ್ಕೂ ಮನುಷ್ಯನಿಗೂ ಅಂತರವು ಅಪಾರವೆಂಬುದು ನಿಜವಾದರೂ, ಇಷ್ಟು ದೂರದ ಜೀವಿಗಳಲ್ಲಿ ಒಂದೇ ಧರ್ಮವು ಕಂಡುಬರುತ್ತಿರುವಾಗ ಅದು ಕೇವಲ ವಿದ್ಯಾರ್ಥಿಗಳ ಅಭ್ಯಾಸಬಲದ ಮಾತಲ್ಲವೆಂದು ಒಪ್ಪಬೇಕಾಗುತ್ತದೆ.

ಅಂತರದ ಜೊತೆಗೆ ಎರಡನೆಯ ತತ್ತ್ವವೊಂದಿದೆ. ಅದು ಸ್ವತಃ ನೆನಪಿಸಿಕೊಳ್ಳುವ ಪ್ರಯತ್ನ. ಪದಪಟ್ಟಿಯನ್ನು ಹತ್ತು ಬಾರಿ ಓದಿದವನಿಗೆ ಪ್ರತಿಯೊಂದು ಪದವೂ ಪರಿಚಿತವಾಗಿ ತೋರುತ್ತದೆ. ಈ ಪರಿಚಯವನ್ನೇ ಅವನು ಜ್ಞಾನವೆಂದು ನಂಬುತ್ತಾನೆ. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಅಮೆರಿಕದ ಅಯೋವ ಪ್ರಾಂತದ ಆರನೆಯ ತರಗತಿಯ 3,605 ಮಕ್ಕಳನ್ನು ಪರೀಕ್ಷಿಸಿ, ಪಾಠ ಓದಿದ ಬೆನ್ನಿಗೇ ಪ್ರಶ್ನೆಗಳಿಗೆ ಉತ್ತರ ಬರೆದ ಮಕ್ಕಳು ವಾರಗಳು ಕಳೆದ ಮೇಲೂ ಇತರರಿಗಿಂತ ಹೆಚ್ಚಾಗಿ ಉಳಿಸಿಕೊಂಡಿದ್ದುದನ್ನು ತೋರಿಸಿದನು. ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಕೊಡಲಾಯಿತು. ಒಮ್ಮೆ ಸರಿಯಾಗಿ ಹೇಳಿದ ಪದವನ್ನು ಕೆಲವರು ಪುನಃ ಓದುತ್ತ ಹೋದರೂ ಅದನ್ನು ಕುರಿತು ಮತ್ತೆ ಪ್ರಶ್ನಿಸಲ್ಪಡಲಿಲ್ಲ; ಬೇರೆ ಕೆಲವರು ಪ್ರತಿ ಸುತ್ತಿನಲ್ಲಿಯೂ ಪ್ರಶ್ನಿಸಲ್ಪಟ್ಟರು. ವಾರದ ಅನಂತರ ಪ್ರಶ್ನೆಗೊಳಗಾದವರಲ್ಲಿ ಶೇಕಡ 80ರಷ್ಟು ಪದಗಳು ಉಳಿದಿದ್ದುವು, ಓದುತ್ತಿದ್ದವರಲ್ಲಿ 36ರಷ್ಟು. ನನ್ನನ್ನು ಆಳವಾಗಿ ಯೋಚನೆಗೆ ಹಚ್ಚಿದ ಸಂಗತಿಯೆಂದರೆ, ನಿಮಗೆ ಎಷ್ಟು ಪದಗಳು ಉಳಿಯುವುವೆಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಸುಮಾರು ಅರ್ಧವೆಂದೇ ಹೇಳಿದ್ದರು. ತನ್ನ ನೆನಪಿನ ಸ್ಥಿತಿಯನ್ನು ಒಳಗಿನಿಂದ ಊಹಿಸುವುದಕ್ಕೆ ಮನುಷ್ಯನಿಗೆ ಸಾಮರ್ಥ್ಯವು ಸಾಲದು. ಆದುದರಿಂದಲೇ ಹೊರಗಿನದೊಂದು ಲೆಕ್ಕಪತ್ರ ಅವನಿಗೆ ಬೇಕು.

ಅಂತರ, ಪ್ರಶ್ನೆ ಎಂಬ ಎರಡೂ ಕಾರ್ಡಿನಲ್ಲಿ ಸಂಧಿಸುತ್ತವೆ. ಮುಂಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ತಿರುಗಿಸುವುದಕ್ಕೆ ಮುಂಚೆ ಒಂದು ಕ್ಷಣದ ಹುಡುಕಾಟ. ಜಪಾನಿನ ಶಾಲಾವಿದ್ಯಾರ್ಥಿಗಳು ಇಂಗ್ಲಿಷ್ ಪದಗಳಿಗಾಗಿ, ಮೂಲೆಯಲ್ಲಿ ತೂತು ಕೊರೆದು ಉಂಗುರಕ್ಕೆ ಪೋಣಿಸಿದ ಚಿಕ್ಕ ಕಾರ್ಡುಗಳ 'ತಂಗೋಚೋ' ಎಂಬ ಗೊಂಚಲನ್ನು ರೈಲಿನಲ್ಲಿ ತಿರುವುತ್ತಿರುವುದು ಬಹುಕಾಲದ ರೂಢಿ. ಆದರೆ ಗೊಂಚಲಿನಲ್ಲಿ ಎಲ್ಲ ಕಾರ್ಡುಗಳಿಗೂ ಸಮಾನ ಸರದಿ. ಬಲ್ಲ ಪದಕ್ಕೂ ಬಾರದ ಪದಕ್ಕೂ ಒಂದೇ ಬೆಲೆ. ಈ ಲೋಪವನ್ನು ತಿದ್ದಿದವನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಿಕೋದ್ಯೋಗಿ. 1970ರ ದಶಕದ ಆರಂಭದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಅವನ ಪುಸ್ತಕವು ಐದು ಅರೆಗಳಿರುವ ಉದ್ದನೆಯ ಪೆಟ್ಟಿಗೆಯೊಂದನ್ನು ವರ್ಣಿಸಿತು. ಸರಿಯುತ್ತರ ಬಂದ ಕಾರ್ಡು ಮುಂದಿನ, ಹೆಚ್ಚು ಅಗಲವಾದ ಅರೆಗೆ ಹೋಗುತ್ತದೆ. ತಪ್ಪಿದ ಕಾರ್ಡು ಎಲ್ಲಿದ್ದರೂ ಮೊದಲನೆಯದಕ್ಕೆ ಮರಳುತ್ತದೆ. ಅರೆಯು ತುಂಬಿದಾಗ ಮಾತ್ರ ಅದರ ಕಾರ್ಡುಗಳ ಸರದಿ. ಅಗಲವಾದುದು ನಿಧಾನವಾಗಿ ತುಂಬುವುದರಿಂದ, ಬಲ್ಲ ಪದಗಳ ಅಂತರವು ಯಾವ ಗಣಿತದ ನೆರವೂ ಇಲ್ಲದೆ ತಾನಾಗಿಯೇ ದೀರ್ಘವಾಗುತ್ತದೆ. ಪೆಟ್ಟಿಗೆಯೊಂದರಿಂದ ಇಷ್ಟು ಕೆಲಸ ಮಾಡಿಸಿದ ಆ ಕಲ್ಪನೆಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಅವನಿಗೆ ಸ್ವಲ್ಪ ಮೊದಲೇ, 1967ರಲ್ಲಿ, ಪಾಲ್ ಪಿಮ್ಸ್ಲರ್ ಎಂಬ ಅಮೆರಿಕದ ಭಾಷಾಶಿಕ್ಷಕನು ಐದೈದು ಪಟ್ಟು ಹೆಚ್ಚುತ್ತ ಹೋಗುವ ವೇಳಾಪಟ್ಟಿಯೊಂದನ್ನು ಸೂಚಿಸಿದ್ದನು: 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, ಹೀಗೆ ಗಂಟೆ, ದಿನ, ತಿಂಗಳುಗಳನ್ನು ದಾಟಿ ಎರಡು ವರ್ಷಗಳವರೆಗೆ. ಎಲ್ಲ ಪದಗಳಿಗೂ ಒಂದೇ ವೇಳಾಪಟ್ಟಿಯೆಂಬುದು ಅದರ ದೌರ್ಬಲ್ಯ. ಪೋಲೆಂಡಿನ ಪೊಜ್ನಾನ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದ ಪ್ಯೋತ್ರ್ ವೋಜ್ನ್ಯಾಕ್ 1985ರಲ್ಲಿ ಇಂಗ್ಲಿಷ್ ಪದಗಳನ್ನು ಕಾಗದದ ಹಾಳೆಗಳ ಮೇಲೆ ಬರೆದುಕೊಂಡು ತನ್ನ ಮೇಲೆ ಪ್ರಯೋಗ ನಡೆಸಿ, 1, 7, 16, 35 ದಿನಗಳ ಅಂತರಗಳನ್ನು ಕಂಡುಕೊಂಡನು. 1987ರಲ್ಲಿ ಕಂಪ್ಯೂಟರಿಗೆ ಅಳವಡಿಸಿದಾಗ ಒಂದೊಂದು ಪದಕ್ಕೂ ಪ್ರತ್ಯೇಕವಾದ ಸುಲಭತಾಂಕವನ್ನು ಇಟ್ಟನು. ಜಪಾನೀ ಭಾಷೆಯನ್ನು ಕಲಿಯುತ್ತಿದ್ದ ಡೇಮಿಯನ್ ಎಲ್ಮ್ಸ್ ಎಂಬವರು ಈ ಸೂತ್ರವನ್ನು ಆಧರಿಸಿ 2006ರಲ್ಲಿ ರಚಿಸಿ ಹೊರತಂದ 'ಆಂಕಿ' ಎಂಬ ತಂತ್ರಾಂಶವೇ ಇಂದು ಜಪಾನೀ ಕಲಿಯುವವರ ಕೈಯಲ್ಲಿ ವ್ಯಾಪಕವಾಗಿರುವುದು.

ಸೂತ್ರದ ಸ್ಥೂಲರೂಪವು ಹೀಗಿದೆ. ಹೊಸ ಪದವನ್ನು ಒಂದು ದಿನ ಬಿಟ್ಟು ಕೇಳುವುದು, ಬಂದರೆ ಆರು ದಿನ ಬಿಟ್ಟು ಕೇಳುವುದು, ಅಲ್ಲಿಂದ ಮುಂದೆ ಪ್ರತಿ ಸಲವೂ ಹಿಂದಿನ ಅಂತರವನ್ನು ಸುಲಭತಾಂಕದಿಂದ ಗುಣಿಸುವುದು. ಆ ಅಂಕವು 2.5ರಿಂದ ಆರಂಭವಾಗುತ್ತದೆ, ತಡವರಿಸಿದಷ್ಟೂ ಕುಗ್ಗುತ್ತದೆ, 1.3ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದುದರಿಂದ ತೊಡಕಿಲ್ಲದ ಪದವೊಂದರ ಅಂತರಗಳು 1, 6, 15, 38, 94, 235 ದಿನಗಳೆಂದು ಆಗುತ್ತವೆ. ಕೂಡಿದರೆ 389 ದಿನ. ಹದಿಮೂರು ತಿಂಗಳಲ್ಲಿ ಒಂದು ಪದಕ್ಕೆ ಆರೇ ಆರು ಭೇಟಿಗಳು, ಒಂದೊಂದಕ್ಕೂ ಕೆಲವೇ ಸೆಕೆಂಡುಗಳು. ದಿನಕ್ಕೆ ಹತ್ತು ಹೊಸ ಪದಗಳಂತೆ ಸೇರಿಸುತ್ತ ಹೋದವನಿಗೆ, ಒಂದು ಪದವೂ ತಪ್ಪದ ಆದರ್ಶಸ್ಥಿತಿಯಲ್ಲಿ, ಹದಿಮೂರು ತಿಂಗಳ ಕೊನೆಗೆ ದಿನವೊಂದಕ್ಕೆ ಬರುವ ಹಳೆಯ ಪದಗಳು ಅರುವತ್ತು ಮಾತ್ರ. ತಪ್ಪಿದವು ಹಿಂದಿರುಗುವುದನ್ನು ಸೇರಿಸಿದರೆ ಇನ್ನಷ್ಟು. ಅಷ್ಟರಲ್ಲಿ ಅವನ ಸಂಚಯದಲ್ಲಿ ಸುಮಾರು 3,900 ಪದಗಳು ಸೇರಿರುತ್ತವೆ. ಇತ್ತೀಚಿನ ತಂತ್ರಾಂಶಗಳು ಸ್ಥಿರವಾದ ಗುಣಕವನ್ನು ಬಿಟ್ಟು, ಕಲಿಯುವವನ ಹಳೆಯ ಉತ್ತರಗಳಿಂದಲೇ ಅವನ ಮರೆವಿನ ವೇಗವನ್ನು ಗಣಿಸುತ್ತವೆ, ತತ್ತ್ವವು ಬದಲಾಗಿಲ್ಲ.

ಇಷ್ಟು ದೀರ್ಘವಾದ ಅಂತರಗಳು ಯುಕ್ತವೇ ಎಂಬ ಸಂದೇಹಕ್ಕೆ ಹ್ಯಾರಿ ಬಾರಿಕ್ ಎಂಬ ಮನಶ್ಶಾಸ್ತ್ರಜ್ಞನ ಕುಟುಂಬವು ಉತ್ತರ ಕೊಟ್ಟಿದೆ. ಅವರು ನಾಲ್ವರು ತಲಾ 300 ಪರಭಾಷಾಪದಗಳನ್ನು 14, 28, 56 ದಿನಗಳ ಅಂತರಗಳಲ್ಲಿ ಅಭ್ಯಾಸಮಾಡಿ, ಐದು ವರ್ಷಗಳವರೆಗಿನ ಧಾರಣೆಯನ್ನು ಪರೀಕ್ಷಿಸಿಕೊಂಡು, ಒಂಬತ್ತು ವರ್ಷಗಳ ಈ ಸಾಧನೆಯನ್ನು 1993ರಲ್ಲಿ ಪ್ರಕಟಿಸಿದರು. 56 ದಿನಗಳ ಅಂತರದ 13 ಅಭ್ಯಾಸಗಳು 14 ದಿನಗಳ ಅಂತರದ 26 ಅಭ್ಯಾಸಗಳಿಗೆ ಸಮನಾಗಿದ್ದುವು. ಅಂತರವು ಹೆಚ್ಚಿದಷ್ಟೂ ಕಲಿಯುವ ಕಾಲದಲ್ಲಿ ತಪ್ಪುಗಳು ಹೆಚ್ಚಿ ಮನಸ್ಸಿಗೆ ಬೇಸರವಾದುದು ನಿಜ. ಫಲವು ಮಾತ್ರ ದೂರದಲ್ಲಿ ಕಾಣಿಸಿತು. 1,350ಕ್ಕೂ ಹೆಚ್ಚು ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಏಳು ದಿನಗಳ ಅನಂತರದ ಪರೀಕ್ಷೆಗೆ ಒಂದು ದಿನದ ಅಂತರವೂ, 350 ದಿನಗಳ ಅನಂತರದ ಪರೀಕ್ಷೆಗೆ 21 ದಿನಗಳ ಅಂತರವೂ ಉತ್ತಮವಾಗಿದ್ದುವು. ಎಷ್ಟು ಕಾಲ ನೆನಪಿರಬೇಕೆಂಬುದನ್ನು ನಿಶ್ಚಯಿಸದೆ ಯಾವ ಅಂತರವು ಶ್ರೇಷ್ಠವೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಇನ್ನು ಕಾರ್ಡಿನ ರಚನೆ. ಗಣಿತವನ್ನು ಯಂತ್ರವು ನೋಡಿಕೊಳ್ಳುತ್ತದೆ. ಕಾರ್ಡನ್ನು ಮಾತ್ರ ಕಲಿಯುವವನೇ ವಿವೇಕದಿಂದ ರಚಿಸಬೇಕು. 'ಮತ್ಸು' ಎಂದರೆ ಕಾಯು, 'ಮೊತ್ಸು' ಎಂದರೆ ಹಿಡಿದಿರು. ಉಚ್ಚಾರಣೆಯಲ್ಲಿ ಒಂದು ಸ್ವರದ ಭೇದ. ಬರಹದಲ್ಲಿಯೂ ಎರಡರ ಬಲಭಾಗವು ದೇವಾಲಯವನ್ನು ಸೂಚಿಸುವ ಒಂದೇ ಚಿಹ್ನೆ, ಎಡಭಾಗದಲ್ಲಿ ಮೊದಲನೆಯದಕ್ಕೆ ನಡಿಗೆಯನ್ನು ಹೇಳುವ ಗೆರೆಗಳು, ಎರಡನೆಯದಕ್ಕೆ ಕೈಯನ್ನು ಹೇಳುವ ಗೆರೆಗಳು. ಅದೇ ದೇವಾಲಯದ ಪಕ್ಕದಲ್ಲಿ ಸೂರ್ಯನನ್ನಿಟ್ಟರೆ ಕಾಲ, ಮಾತನ್ನಿಟ್ಟರೆ ಕವಿತೆ. ಈ ನಾಲ್ಕನ್ನೂ ಒಂದೇ ದಿನ ಕಲಿಯಲು ಹೊರಟವನಿಗೆ ಒಂದರ ನೆನಪು ಮತ್ತೊಂದರ ಮೇಲೆ ಬಿದ್ದು ನಾಲ್ಕೂ ಕೆಡುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತಂದು, ಆಗ ಅವುಗಳ ಭೇದವನ್ನು ಕಣ್ಣಿಟ್ಟು ನೋಡುವುದೇ ಸರಿಯಾದ ಮಾರ್ಗ. ಹಾಗೆಯೇ ಒಂದು ಕಾಂಜಿಯ ಎಲ್ಲ ಉಚ್ಚಾರಣೆಗಳನ್ನೂ ಒಂದು ಕಾರ್ಡಿನಲ್ಲಿ ತುಂಬುವುದು ನಿಷ್ಫಲ. ಐದರಲ್ಲಿ ನಾಲ್ಕು ನೆನಪಾಗಿ ಒಂದು ಬಾರದಿದ್ದರೆ ಅದು ಸರಿಯೋ ತಪ್ಪೋ ಎಂದು ಹೇಳುವಂತಿಲ್ಲ. 'ಗಕುಸೇ' ಒಂದು ಕಾರ್ಡು, 'ಇಶ್ಶೋ' ಇನ್ನೊಂದು. ಉಚ್ಚಾರಣೆಯನ್ನು ಪದದ ಮೂಲಕವೇ ಕಲಿಯತಕ್ಕದ್ದು. ಸಾಧ್ಯವಾದಲ್ಲಿ ಪದದ ಜೊತೆಗೆ ಒಂದು ಚಿಕ್ಕ ವಾಕ್ಯವೂ, ಸ್ಥಳೀಯರ ಧ್ವನಿಯೂ ಇರಬೇಕು. ಸೇತುವೆಯನ್ನೂ ಊಟದ ಕಡ್ಡಿಯನ್ನೂ ಬೇರ್ಪಡಿಸುವ ಸ್ವರಭೇದವನ್ನು ಬರಹವು ತಿಳಿಸಲಾರದು.

ಉತ್ತರವನ್ನು ತೂಗುವುದರಲ್ಲಿ ಪ್ರಾಮಾಣಿಕತೆಯು ಅತ್ಯವಶ್ಯ. ಆಂಕಿಯು 'ಮತ್ತೊಮ್ಮೆ', 'ಕಷ್ಟ', 'ಸರಿ', 'ಸುಲಭ' ಎಂಬರ್ಥದ ನಾಲ್ಕು ಗುಂಡಿಗಳನ್ನು ಕೊಡುತ್ತದೆ. ಇವುಗಳಲ್ಲಿ ಮೊದಲನೆಯದೊಂದೇ ಮರೆವನ್ನು ಸೂಚಿಸತಕ್ಕದ್ದು. ಪದವು ಬಾರದೆ ಹೋದಾಗಲೂ ಸಂಕೋಚಪಟ್ಟು 'ಕಷ್ಟ'ವನ್ನು ಒತ್ತಿದರೆ, ಮರೆತ ಪದವನ್ನು ನೆನಪಿರುವ ಪದವೆಂದು ಯಂತ್ರಕ್ಕೆ ಹೇಳಿದಂತಾಗಿ, ಅದರ ಅಂತರವು ಕುಗ್ಗುವ ಬದಲು ಹಿಗ್ಗುತ್ತದೆ. ಕೆಲವು ಪದಗಳು ಎಷ್ಟು ಬಾರಿ ಬಂದರೂ ನಿಲ್ಲುವುದಿಲ್ಲ. ಎಂಟು ಸಲ ತಪ್ಪಿದ ಕಾರ್ಡನ್ನು ಜಿಗಣೆಯೆಂದು ಗುರುತಿಸುವುದು ಆ ತಂತ್ರಾಂಶದ ಸಾಮಾನ್ಯ ವ್ಯವಸ್ಥೆ; ಅದನ್ನು ತಡೆಹಿಡಿಯುವಂತೆಯೂ ಹೇಳಬಹುದು. ಇದು ಬಹಳ ಯೋಗ್ಯವಾದುದು. ಅಂಥ ಪದವನ್ನು ಅದೇ ರೂಪದಲ್ಲಿ ಮತ್ತೆ ಬಡಿಯುವುದಕ್ಕಿಂತ, ಹೊಸ ವಾಕ್ಯದಲ್ಲಿಟ್ಟು ಕಾರ್ಡನ್ನು ಮತ್ತೆ ಬರೆಯುವುದು ಮೇಲು. ಇಲ್ಲವೇ ಓದಿನಲ್ಲಿ ಎದುರಾಗುವವರೆಗೆ ಅದನ್ನು ಬಿಟ್ಟುಬಿಡಬೇಕು.

ಓದಿನ ಮಾತು ಬಂದುದರಿಂದ ಪದ್ಧತಿಯ ಮಿತಿಯನ್ನೂ ಹೇಳಬೇಕು. ಕಾರ್ಡು ಕಲಿಸುವುದು ಪದದ ಗುರುತನ್ನು. ಅದು ಯಾರ ಬಾಯಲ್ಲಿ ಸಲ್ಲುತ್ತದೆ, ಯಾವ ಸನ್ನಿವೇಶದಲ್ಲಿ ಒರಟಾಗುತ್ತದೆ, ಯಾವ ಕ್ರಿಯಾಪದದೊಡನೆ ಕೂಡುತ್ತದೆ ಎಂಬುದನ್ನು ಗ್ರಂಥಗಳೂ ಸಂಭಾಷಣೆಯೂ ಕಲಿಸಬೇಕು. ಯಾವ ಭಾಷೆಯಲ್ಲಿಯೂ ಕೆಲವೇ ಪದಗಳು ಪುಟಪುಟಕ್ಕೂ ಬರುತ್ತವೆ, ಉಳಿದ ಬಹುಸಂಖ್ಯೆಯ ಪದಗಳು ಬಹಳ ವಿರಳವಾಗಿ ಬರುತ್ತವೆ. ಮೊದಲ ವರ್ಗದ ಪದಗಳಿಗೆ, ಓದು ಸಾಗತೊಡಗಿದ ಮೇಲೆ, ಕಾರ್ಡು ಅನಾವಶ್ಯಕ. ಪುಸ್ತಕವೇ ಅವುಗಳ ಸರದಿಯನ್ನು ನಡೆಸುತ್ತದೆ. ಒಂದು ಭೇಟಿಗೂ ಮತ್ತೊಂದಕ್ಕೂ ನಡುವೆ ಮರೆವು ಬಂದು ಸೇರುವಷ್ಟು ವಿರಳವಾದ ಪದಗಳಿಗೇ ಕಾರ್ಡಿನ ನಿಜವಾದ ಉಪಯೋಗ. ದಿನದ ಕಾಲವೆಲ್ಲವನ್ನೂ ಕಾರ್ಡುಗಳಿಗೇ ಸುರಿದು ಪುಸ್ತಕವನ್ನು ಮುಟ್ಟದವನು, ಮರುಭೇಟಿಗಳನ್ನು ಸಂಪಾದಿಸಿಯೂ ಭೇಟಿಯಾಗತಕ್ಕ ಭಾಷೆಯಿಂದ ದೂರ ಉಳಿಯುತ್ತಾನೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದರಲ್ಲಿ ತೊಡಗಿದವರೆಲ್ಲರಿಗೂ ಒಂದಲ್ಲ ಒಂದು ದಿನ ಬರುವ ಕಷ್ಟವೆಂದರೆ ಬಾಕಿ. ಕಾಯಿಲೆಯಿಂದಲೋ, ಮನೆಯ ಮದುವೆಯಿಂದಲೋ, ಕಚೇರಿಯ ಒತ್ತಡದಿಂದಲೋ ಮೂರು ವಾರ ಕಾರ್ಡುಗಳನ್ನು ನೋಡದೆ ಹೋದರೆ, ಮರಳಿ ಬಂದಾಗ ನೂರಾರು ಪದಗಳು ಕಾದಿರುತ್ತವೆ. ಆ ಸಂಖ್ಯೆಯನ್ನು ನೋಡಿಯೇ ಅನೇಕರು ಅಭ್ಯಾಸವನ್ನು ಶಾಶ್ವತವಾಗಿ ತ್ಯಜಿಸುತ್ತಾರೆ. ಅಂಥವರು ಹೊಸ ಪದಗಳನ್ನು ಸೇರಿಸುವುದನ್ನು ಕೆಲಕಾಲ ನಿಲ್ಲಿಸಿ, ಬಾಕಿಯನ್ನು ದಿನಕ್ಕಿಷ್ಟೆಂದು ತೀರಿಸುತ್ತ ಬಂದರೆ ಸಾಕು. ಮರೆತ ಪದಗಳು ಮೊದಲಿಗಿಂತ ಕಡಮೆ ಶ್ರಮಕ್ಕೆ ಮರಳುವುವೆಂಬುದನ್ನು ಎಬ್ಬಿಂಗ್‌ಹೌಸನ ಅಂಕಿಗಳೇ ಹೇಳುತ್ತವೆ. ಮರೆಯದೆ ಉಳಿದವುಗಳ ವಿಷಯದಲ್ಲಿಯಾದರೋ ತಡವಾದುದರಿಂದ ಲಾಭವೇ ಆಗಿರುತ್ತದೆ: ಹದಿನೈದು ದಿನಕ್ಕೆ ಕೇಳಬೇಕಾಗಿದ್ದ ಪದವು ಮೂವತ್ತಾರನೆಯ ದಿನಕ್ಕೂ ಬಾಯಿಗೆ ಬಂದಿತೆಂದರೆ, ಲೆಕ್ಕವು ಊಹಿಸಿದ್ದಕ್ಕಿಂತ ಅದು ಗಟ್ಟಿಯಾಗಿದ್ದಿತೆಂದೇ ಅರ್ಥ, ತಂತ್ರಾಂಶವೂ ಅದನ್ನು ಗಣನೆಗೆ ತೆಗೆದುಕೊಂಡು, ಮುಂದಿನ ಸರದಿಯನ್ನು ಹದಿನೈದರಿಂದಲ್ಲದೆ ಆ ಹೆಚ್ಚಿನ ಅವಧಿಯನ್ನೂ ಸೇರಿಸಿಯೇ ಎಣಿಸಿ, ತಿಂಗಳುಗಳ ಆಚೆಗೆ ನಿಗದಿಮಾಡುತ್ತದೆ.